ಒಂಬತ್ತನೆಯ ಕೂಗು

ನಾನು ಬಸ್ಸು ಓಡಿಸುತ್ತಾ ನಿದ್ದೆ ಮಾಡುತ್ತೇನಂತೆ. ಹೇಳಿದ್ದು ಮನುಷ್ಯನಾಗಿದ್ದರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ. ಹೇಳಿದ್ದು ಅಂಗೈ ಅಗಲದ ಒಂದು ಕರಿ ಡಬ್ಬಿ. ಅದರ ಕೊರಳು ಎಲ್ಲಿದೆ ಎಂದು ಹುಡುಕುವುದು?

ನನ್ನ ಹೆಸರು ಶಿವಮೂರ್ತಪ್ಪ, ಊರು ಕೆರೆಬಿಳಚಿ. ಇಪ್ಪತ್ತೇಳು ವರ್ಷದಿಂದ ಪ್ರೈವೇಟ್ ಬಸ್ಸಿನ ಡ್ರೈವರು. ಮೊದಲು ಹೊನ್ನಾಳಿ–ನ್ಯಾಮತಿ ಲೈನಿನಲ್ಲಿದ್ದೆ, ಈಗ ಹನ್ನೊಂದು ವರ್ಷದಿಂದ ಚನ್ನಗಿರಿಯಿಂದ ದಾವಣಗೆರೆ ಮೇಲೆ ಜಗಳೂರಿಗೆ ಹೋಗಿ ಬರುತ್ತೇನೆ. ಇಷ್ಟು ವರ್ಷದಲ್ಲಿ ನನ್ನ ಚಕ್ರಕ್ಕೆ ಒಂದು ಜೀವವೂ ಸಿಕ್ಕಿಲ್ಲ. ಗೋವಿನಕೋವಿ ಹತ್ತಿರ ಒಂದು ಕೋಳಿ ಸಿಕ್ಕಿದ್ದು ನಿಜ, ಆದರೆ ಅದು ತಾನಾಗಿಯೇ ಬಂದು ಬಿದ್ದದ್ದು, ಅದಕ್ಕೆ ನಾನು ಜವಾಬ್ದಾರನಲ್ಲ.

ಈ ಸಲ ದೀಪಾವಳಿ ಕಳೆದ ಮೇಲೆ ಹೊನ್ನಾಳಿಯ ನಮ್ಮ ಮಾಲೀಕರು ಗುರುಬಸವರಾಜ್ ಹೊಸ ಬಸ್ಸು ತಂದರು. ನೀಲಿ ಬಣ್ಣದ್ದು. ಅದರ ತುಂಬಾ ಸೆನ್ಸರುಗಳು. ಮುಂದಿನ ಬಂಪರಿನೊಳಗೆ ಒಂದು, ಎದುರಿಗೆ ಗಾಡಿ ತೀರಾ ಹತ್ತಿರ ಬಂದರೆ ಕೂಗುತ್ತದೆ. ಗಾಜಿನ ಮೇಲೆ ಇನ್ನೊಂದು, ಬಸ್ಸು ರಸ್ತೆಯ ಬಿಳಿ ಗೆರೆ ದಾಟಿದರೆ ಕೂಗುತ್ತದೆ. ಜಗಳೂರು ರಸ್ತೆಯಲ್ಲಿ ಬಿಳಿ ಗೆರೆ ಅಳಿಸಿಹೋಗಿ ಯಾವ ಕಾಲವಾಯಿತೋ, ಆದ್ದರಿಂದ ಆ ಕಡೆ ಅದು ಬಾಯಿ ಮುಚ್ಚಿಕೊಂಡೇ ಇರುತ್ತದೆ. ಈ ಎರಡರ ಮೇಲೆ ನನಗೆ ತಕರಾರಿಲ್ಲ. ರಸ್ತೆ ನೋಡಿಕೊಳ್ಳುವುದಾದರೆ ನೋಡಿಕೊಳ್ಳಲಿ. ಮೂರನೆಯದು ಮಾತ್ರ ಸ್ಟೇರಿಂಗಿನ ಹಿಂದೆ ಕೂತು ನನ್ನ ಮುಖವನ್ನೇ ನೋಡುತ್ತದೆ. ಕಣ್ಣು ಮುಚ್ಚಿದರೆ ಸಾಕು, ಕೀಂ ಕೀಂ ಎಂದು ಕಿವಿ ಹರಿಯುವ ಹಾಗೆ ಕೂಗುತ್ತದೆ. ಕೂಗಿದ್ದನ್ನು ಮಾಲೀಕರ ಮೊಬೈಲಿಗೂ ಮುಟ್ಟಿಸುತ್ತದೆ.

ಮೊದಲ ವಾರ ಅದು ಯಾಕೆ ಕೂಗುತ್ತದೆ ಎಂದೇ ನನಗೆ ಗೊತ್ತಾಗಲಿಲ್ಲ. ಎದುರಿಗೆ ಲಾರಿ ಇಲ್ಲ, ಎಮ್ಮೆ ಇಲ್ಲ, ಆದರೂ ಕೀಂ ಕೀಂ. ಹೊಸ ಸಾಮಾನು, ನಾಲ್ಕು ದಿನ ಹೀಗೇ ಆಡುತ್ತದೆ ಎಂದು ಬಿಟ್ಟುಬಿಟ್ಟೆ. ಹೆಂಡತಿ ಒಂದೇ ಸಮನೆ ಮಾತಾಡುವಾಗ ಕಿವಿ ತಾನಾಗಿಯೇ ಕೇಳಿಸಿಕೊಳ್ಳುವುದನ್ನು ನಿಲ್ಲಿಸುತ್ತದಲ್ಲ, ಹಾಗೆ ಇದೂ ಆಯಿತು. ಎಂಟನೆಯ ದಿನ ಮಾಲೀಕರು ಚನ್ನಗಿರಿ ಸ್ಟ್ಯಾಂಡಿಗೇ ಬಂದರು.

"ಶಿವಮೂರ್ತಪ್ಪನೋರೆ, ಮೈಗೆ ಹುಷಾರಿಲ್ವಾ?" ಎಂದರು.

"ಚೆನ್ನಾಗಿದೀನಲ್ರಿ ಸಾವ್ಕಾರ್ರೆ. ಯಾಕ್ರಿ?"

ಅವರು ಮೊಬೈಲ್ ತಿರುಗಿಸಿ ತೋರಿಸಿದರು. ಸಾಲು ಸಾಲಾಗಿ ಕೆಂಪು ಚುಕ್ಕಿ. "ದಿನಕ್ಕೆ ಒಂಬತ್ತು ಸಲ ನಿಮ್ಮ ಕಣ್ಣು ಮುಚ್ತೈತಂತೆ. ಒಂದಿನ ಎಂಟಲ್ಲ, ಹತ್ತಲ್ಲ. ದಿನಾ ಒಂಬತ್ತು. ನಿದ್ದೆ ಅಂತ ಬರೀತೈತೆ ಇದು."

ನನಗೆ ನಗು ಬಂತು, ಆಮೇಲೆ ಮೈ ಉರಿಯಿತು. ನಲವತ್ತು ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಒಂಬತ್ತು ಸಲ ನಿದ್ದೆ ಮಾಡುವ ಡ್ರೈವರು ಒಂಬತ್ತು ದಿನ ಬದುಕಿರುತ್ತಾನೆಯೇ? ಮಾಲೀಕರಿಗೂ ಇದು ಅರ್ಥವಾಗಿರಲಿಲ್ಲ. ಮೊಬೈಲಿಗೆ ಫೋಟೋನೂ ಬರುವುದು ಜಾಸ್ತಿ ದುಡ್ಡಿನ ದೊಡ್ಡ ಪ್ಲಾನಂತೆ, ಅವರು ಸಣ್ಣದು ತೆಗೆದುಕೊಂಡಿದ್ದರು. ಆದ್ದರಿಂದ ಅವರ ಹತ್ತಿರ ಇದ್ದದ್ದು ಸಮಯ ಮತ್ತು ಜಾಗ, ಅಷ್ಟೇ.

"ಇನ್ನೊಂದು ವಾರ ನೋಡ್ತೀನಿ. ಹಿಂಗೇ ಬಂದ್ರೆ ಬದಲಿ ಡ್ರೈವರ್ ಪರಮೇಶನ್ನ ಹಾಕ್ತೀನಿ, ನೀವು ಸ್ಟ್ಯಾಂಡಲ್ಲಿ ಬುಕಿಂಗ್ ನೋಡ್ಕಳ್ರಿ. ಬೇಜಾರ್ ಮಾಡ್ಕಬ್ಯಾಡ್ರಿ, ಜನರ ಜೀವ ಐತೆ," ಎಂದು ಹೇಳಿ ಅವರು ಹೊರಟುಹೋದರು.

ಬೇಜಾರು ಮಾಡಿಕೊಳ್ಳಬೇಡಿ ಅಂತೆ. ಸ್ಟೇರಿಂಗ್ ಬಿಟ್ಟರೆ ನಾನು ಯಾರು? ಕೆರೆಬಿಳಚಿಯಲ್ಲಿ ನನ್ನನ್ನು ಶಿವಮೂರ್ತಪ್ಪ ಎಂದು ಕರೆಯುವವರು ನಾಲ್ಕು ಜನ, ಮಿಕ್ಕವರಿಗೆಲ್ಲ ನಾನು ಡ್ರೈವರ್ರು. ಸ್ಟ್ಯಾಂಡಿನಲ್ಲಿ ಸ್ಟೂಲು ಹಾಕಿಕೊಂಡು "ಜಗಳೂರ್, ಜಗಳೂರ್" ಎಂದು ಕೂಗುತ್ತಾ ಕೂತರೆ ನನ್ನ ಮುಖ ನಾನೇ ನೋಡಿಕೊಳ್ಳಲಾರೆ. ಅವತ್ತು ಮನೆಗೆ ಹೋಗಿ ಹೆಂಡತಿ ರುದ್ರಾಣಿಗೆ ಎಲ್ಲಾ ಹೇಳಿದೆ.

ಅವಳು ನನ್ನ ಪರ ಮಾತಾಡುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ತಟ್ಟುತ್ತಾ, "ಮೊನ್ನೆ ಉಂಡು ಕೈ ತೊಳೆಯಾಕೆ ಎದ್ದೋರು ನಿಂತಲ್ಲೇ ತೂಕಡಿಸಿದ್ರಿ. ಎರಡು ತಿಂಗಳಾತು, ಶುಗರ್ ಮಾತ್ರೆ ಬದಲಾಯಿಸಿದಾಗಿಂದ ಹಿಂಗೇ. ಹೊನ್ನಾಳಿ ಡಾಕ್ಟ್ರಿಗೆ ತೋರ್ಸ್ರಿ ಅಂದ್ರೆ ಕೇಳಂಗಿಲ್ಲ," ಎಂದಳು.

"ಮನೇಲಿ ತೂಕಡಿಸೋದು ಬೇರೆ, ಗಾಡೀಲಿ ಬೇರೆ," ಎಂದೆ.

"ಕಣ್ಣು ಎರಡೂ ಕಡೆ ಅವೇ ಅಲ್ವಾ?" ಎಂದು ಕೇಳಿದಳು. ಅವಳ ಜೊತೆ ವಾದ ಮಾಡಿ ಗೆದ್ದವರು ಯಾರೂ ಇಲ್ಲ, ನಾನು ಉಂಡು ಎದ್ದೆ.

ಮರುದಿನದಿಂದ ಕಣ್ಣು ಬಿಟ್ಟುಕೊಂಡೇ ಓಡಿಸಿದೆ. ರೆಪ್ಪೆ ಮಿಟುಕಿಸುವುದಕ್ಕೂ ಹೆದರಿ ಕಣ್ಣಲ್ಲಿ ನೀರು ಬಂತು. ಆದರೂ ಕೆರೆಬಿಳಚಿ ಏರಿ ಹತ್ತುವಾಗ ಕೀಂ ಕೀಂ. ತ್ಯಾವಣಿಗೆ ಹತ್ತಿರ ಮತ್ತೆ ಕೀಂ ಕೀಂ. ಬಸ್ಸಿನಲ್ಲಿ ನನ್ನ ಪಕ್ಕ ಇಂಜಿನ್ ಮೇಲೆ ಕೂರುವವನು ಕಂಡಕ್ಟರ್ ಸಿದ್ದೇಶ್, ಜಗಳೂರು ಕಡೆಯವನು, ಡಿಗ್ರಿ ಮಾಡಿದ್ದಾನೆ, ಬಾಯಿ ಸ್ವಲ್ಪ ಜಾಸ್ತಿ. ಅವನಿಗೆ ಹೇಳಿದೆ, "ನೋಡಪ್ಪ, ನನ್ನ ಮುಖ ನೋಡ್ತಾ ಇರು. ನಾನೆಲ್ಲಿ ಕಣ್ಣು ಮುಚ್ತೀನಿ ಹೇಳು."

"ನಿಮ್ಮ ಮುಖ ನೋಡ್ತಾ ಕುಂತ್ರೆ ಟಿಕೆಟ್ ಯಾರು ಹರೀತಾರಣ್ಣ," ಎಂದ. ಆದರೂ ಕೂತ. ದಾವಣಗೆರೆ ದಾಟಿ ದರ್ಗಾ ಹತ್ತಿರ ಬಂದಾಗ ಡಬ್ಬಿ ಕೂಗಿತು. ಸಿದ್ದೇಶ ಹೋ ಎಂದು ನಕ್ಕುಬಿಟ್ಟ.

"ಯಾಕೋ?"

"ಅಣ್ಣ, ನೀವು ದರ್ಗಾಕ್ಕೆ ಕೈ ಮುಗಿದ್ರಿ."

"ನಾನೆಲ್ಲೋ ಮುಗಿದೆ?"

"ಈಗ ಮುಗಿದ್ರಲ್ಲ. ಬಲಗೈ ತಗದು ಎದಿಗೆ ಮುಟ್ಟಿಸಿ, ಬೆರಳು ಎರಡೂ ಕಣ್ಣಿಗೆ ಒತ್ತಿಕೊಂಡ್ರಿ. ಒತ್ತಿಕೊಳ್ಳುವಾಗ ಕಣ್ಣು ಮುಚ್ಚಿದ್ರಿ. ಅದು ನಿದ್ದೆ ಅನ್ಕಂಡೈತೆ, ಪಾಪ, ಅದಕ್ಕೇನ್ ಗೊತ್ತು ದೇವ್ರು ದಿಂಡ್ರು."

ನಾನು ನಂಬಲಿಲ್ಲ. ನನ್ನ ಕೈ ಸ್ಟೇರಿಂಗ್ ಮೇಲೇ ಇತ್ತು ಎಂದು ಯಾವ ದೇವರ ಮೇಲೆ ಬೇಕಾದರೂ ಆಣೆ ಮಾಡುತ್ತಿದ್ದೆ. ಜಗಳೂರಿಗೆ ಮುಂಚೆ ಬಸವಣ್ಣನ ಗುಡಿ ಬಂದಾಗ ಸಿದ್ದೇಶ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡ. ಕೈ ಅವನ ಹಿಡಿತದಲ್ಲಿ ಕೊಸರಾಡಿತು. ಅದು ಮೇಲಕ್ಕೆ ಏಳಲು ನೋಡುತ್ತಿತ್ತು, ನಾನು ಹೇಳದೇ ಕೇಳದೇ. ಇಪ್ಪತ್ತೇಳು ವರ್ಷದಲ್ಲಿ ನನ್ನ ಕೈಗೆ ಇಷ್ಟು ಸ್ವಾತಂತ್ರ್ಯ ಯಾವಾಗ ಸಿಕ್ಕಿತು ಎಂದು ನನಗೆ ಗೊತ್ತಿಲ್ಲ.

ನಾಚಿಕೆಯೂ ಆಯಿತು, ಜೀವವೂ ಬಂದಂತಾಯಿತು. ಜಗಳೂರಿನಲ್ಲಿ ಊಟಕ್ಕೆ ಕೂತಾಗ ಸಿದ್ದೇಶ ಟಿಕೆಟಿನ ಹಿಂದೆ ಲೆಕ್ಕ ಬರೆದ. ಕೆರೆಬಿಳಚಿ ಏರಿಯ ಭೂತಪ್ಪ, ತ್ಯಾವಣಿಗೆಯ ಚೌಡಮ್ಮ, ದರ್ಗಾ, ಬಸವಣ್ಣ. ಹೋಗುವಾಗ ನಾಲ್ಕು, ಬರುವಾಗ ನಾಲ್ಕು. ಎಂಟು. ನಾನು ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದೆ. ಅವರು ಎಷ್ಟು ನಕ್ಕರೆಂದರೆ ಕೆಮ್ಮು ಬಂತು.

"ದೇವ್ರಿಗೆ ಕೈ ಮುಗಿಯೋ ಡ್ರೈವರ್ ಬಿಡಾಕೆ ಆಗ್ತೈತಾ," ಎಂದರು. "ಒಂದು ಕೆಲ್ಸ ಮಾಡಾನ. ಡಬ್ಬಿ ಕಂಪನಿಯೋರು ನಾಡಿದ್ದು ಬರ್ತಾರೆ. ಆ ಜಾಗಗಳನ್ನ ಅದಕ್ಕೆ ಹೇಳಿಕೊಟ್ರೆ ಅಲ್ಲಿ ಕೂಗಲ್ವಂತೆ. ಗುಡಿ ಹೆಸರು ಕಳಿಸ್ರಿ, ಎಲ್ಲಾ ಬಂದ್ ಮಾಡಿಸ್ತೀನಿ."

ಸಿದ್ದೇಶ ಹೆಸರು ಕಳಿಸಿದ. ಸಂಜೆ ಅವರದೇ ಫೋನ್ ಬಂತು. "ಎಂಟಕ್ಕೆ ಲೆಕ್ಕ ಸಿಕ್ತು. ಒಂಬತ್ತನೇದು ಯಾವ್ದು? ಜಗಳೂರು ಬಿಟ್ಟು ಇಪ್ಪತ್ತು ನಿಮಿಷಕ್ಕೆ ಒಂದೈತೆ. ವಾಪಸ್ ಬರುವಾಗ ಮಾತ್ರ, ಹೋಗುವಾಗ ಇಲ್ಲ. ಅಲ್ಲಿ ಯಾವ ದೇವ್ರು?"

"ಯಾವ್ದೋ ಇರ್ಬೇಕ್ರಿ," ಎಂದೆ.

"ಇರ್ತೈತೆ ಬಿಡ್ರಿ, ನಮ್ಮ ಕಡೆ ಕಲ್ಲಿಗೊಂದು ದೇವ್ರು. ನಾಳೆ ಸಂಜೆ ಒಳಗೆ ಹೆಸರು ಹೇಳ್ರಿ, ಅದನ್ನೂ ಬಂದ್ ಮಾಡಿಸಿಬಿಡಾನ."

ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಒಂದು ಹೆಸರು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಮಾರಮ್ಮ ಎಂದಿದ್ದರೂ ನಡೆಯುತ್ತಿತ್ತು, ಅದನ್ನು ಯಾರು ಹೋಗಿ ನೋಡುತ್ತಿದ್ದರು? ಆದರೆ ಆ ಜಾಗದಲ್ಲಿ ಯಾವ ದೇವರಿದೆ ಎಂದು ನೆನಪು ಮಾಡಿಕೊಳ್ಳಲು ಹೋದರೆ ನನಗೆ ಜಾಗವೇ ನೆನಪಿಗೆ ಬರಲಿಲ್ಲ. ಜಗಳೂರಿನ ಸ್ಟ್ಯಾಂಡ್ ನೆನಪಿದೆ, ಬಸವಣ್ಣನ ಗುಡಿ ನೆನಪಿದೆ, ಅದಾದ ಮೇಲೆ ಒಂದು ನೇರ ರಸ್ತೆ ಇದೆ ಎಂದು ಗೊತ್ತು, ಆಮೇಲೆ ಒಂದು ಸೇತುವೆ ನೆನಪಿದೆ. ನಡುವೆ ಏನಿದೆ? ಹನ್ನೊಂದು ವರ್ಷ ದಿನಕ್ಕೆರಡು ಸಲ ಹಾದುಹೋದ ರಸ್ತೆ. ಹೋಗುವಾಗಿನದು ಕಣ್ಣ ಮುಂದೆ ಬರುತ್ತದೆ, ಬರುವಾಗಿನದು ಬರುವುದಿಲ್ಲ. ತಲೆ ಕೆಟ್ಟುಹೋಯಿತು.

ಹೋಗುವಾಗ ಕೈ ಮುಗಿಯದ ದೇವರಿಗೆ ಬರುವಾಗ ಮಾತ್ರ ಯಾಕೆ ಕೈ ಮುಗಿಯುತ್ತೇನೆ ಎಂಬುದೂ ತಿಳಿಯಲಿಲ್ಲ. ಗುಡಿಯ ಬಾಗಿಲು ಒಂದೇ ಕಡೆಗೆ ಕಾಣುತ್ತಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಿದ್ದೇಶನನ್ನು ಕೇಳಿದರೆ, "ಅಲ್ಲಿ ನಾನು ಹಿಂದಿನ ಸೀಟಿನ ಟಿಕೆಟ್ ಹರೀತಿರ್ತೀನಣ್ಣ, ನೋಡಿಲ್ಲ," ಎಂದ. ಹಾಗೆನ್ನುವಾಗ ಅವನು ನನ್ನ ಮುಖ ನೋಡಲಿಲ್ಲ.

ಮರುದಿನ ನನ್ನ ವಾರದ ರಜೆ. ಬದಲಿ ಡ್ರೈವರ್ ಪರಮೇಶ್ ಬಂದಿದ್ದ. ನಾನು ಪ್ಯಾಸೆಂಜರ್ ಆಗಿ ಅದೇ ಬಸ್ಸು ಹತ್ತಿದೆ. ಪರಮೇಶ್ ಭೂತಪ್ಪನಿಗೂ ಕೈ ಮುಗಿಯಲಿಲ್ಲ, ಚೌಡಮ್ಮನಿಗೂ ಮುಗಿಯಲಿಲ್ಲ. ಡಬ್ಬಿ ತೆಪ್ಪಗಿತ್ತು. ಈಗಿನ ಹುಡುಗರಿಗೆ ಭಯಭಕ್ತಿ ಇಲ್ಲ ಎಂದು ಬೈದುಕೊಂಡು ಅವನ ಪಾಲಿನದನ್ನೂ ನಾನೇ ಹಿಂದೆ ಕೂತು ಮುಗಿದೆ. ಜಗಳೂರು ಇನ್ನೂ ಇಪ್ಪತ್ತು ನಿಮಿಷ ಇರುವಾಗ ಸಿದ್ದೇಶ ಮಾಲೀಕರು ಕಳಿಸಿದ್ದ ಜಾಗವನ್ನು ಮೊಬೈಲಿನಲ್ಲಿ ನೋಡಿ, "ಇಲ್ಲೇ ಅಣ್ಣ, ಈ ಜಾಲಿ ಮರದ ಹತ್ರ," ಎಂದ. ಅವನಿಗೆ ಮುಂದಿನ ಬಸ್ಸಿಗೆ ಬರುತ್ತೇನೆ, ನನಗಾಗಿ ಕಾಯಬೇಡಿ ಎಂದು ಹೇಳಿ ಇಳಿದೆ.

ನೇರ ರಸ್ತೆ. ಎರಡೂ ಕಡೆ ಕೊಯ್ದ ಮೆಕ್ಕೆಜೋಳದ ಹೊಲ. ನಮ್ಮ ಕಡೆ ಕಣ ಮಾಡುವವರು ಈಗ ಯಾರಿದ್ದಾರೆ, ಟಾರ್ ರಸ್ತೆಯೇ ಕಣ. ದಾವಣಗೆರೆ ಕಡೆ ಹೋಗುವ ಪಕ್ಕದಲ್ಲಿ ಅರ್ಧ ರಸ್ತೆಗೆ ಜೋಳ ಹರವಿ, ಗಾಡಿ ಹತ್ತದಿರಲಿ ಎಂದು ಅಂಚಿಗೆ ಕಲ್ಲು ಇಟ್ಟಿದ್ದರು. ಮೊದಲು ಮರದ ಸುತ್ತ ನೋಡಿದೆ. ಕುಂಕುಮ ಹಚ್ಚಿದ ಒಂದು ಕಲ್ಲಾದರೂ ಸಿಗುತ್ತದೆ ಎಂದು ಬೇಲಿಯಲ್ಲಿ ಹಣಕಿದೆ, ಮೋರಿಯ ಕೆಳಗೆ ಬಗ್ಗಿ ನೋಡಿದೆ. ಏನೂ ಇಲ್ಲ. ಜೋಳದ ಪಕ್ಕ ಗೋಣಿಚೀಲದ ಮೇಲೆ ಕೊಡೆ ಹಿಡಿದು ಕೂತಿದ್ದ ಮುದುಕ ನನ್ನನ್ನೇ ನೋಡುತ್ತಿದ್ದ.

"ಏನ್ ಕಳ್ಕಂಡ್ರಿ?" ಎಂದು ಕೇಳಿದ.

"ಇಲ್ಲಿ ಯಾವ್ದಾದ್ರೂ ದೇವ್ರೈತಾ ಯಜಮಾನ್ರೆ?"

"ಇಲ್ಲೆಂಥ ದೇವ್ರು. ಊರೊಳಗೈತೆ, ಎರಡು ಮೈಲಿ ನಡೀಬೇಕು. ಇಲ್ಲಿ ನಾನೊಬ್ನೇ ಇರಾದು." ಅವನ ಹೆಸರು ಚಿಕ್ಕಹನುಮಂತಪ್ಪ. ಹತ್ತು ದಿನದಿಂದ ಜೋಳ ಕಾಯುತ್ತಾ ಅಲ್ಲೇ ಕೂರುತ್ತಿದ್ದನಂತೆ, ಒಂದು ರಾಶಿ ಒಣಗಿದರೆ ಅದನ್ನು ಎತ್ತಿ ಇನ್ನೊಂದು ಹರವುತ್ತಾರೆ.

"ಹಳೇ ಗುಡಿ? ಹುತ್ತ? ನಾಗರಕಲ್ಲು? ನೆನಪು ಮಾಡ್ಕಂಡು ಹೇಳ್ರಿ." ನಾನು ಬೇಡಿಕೊಳ್ಳುವ ಹಾಗೆ ಕೇಳಿದೆ. ಒಂದು ನಾಗರಕಲ್ಲಿದೆ ಎಂದಿದ್ದರೆ ಅವನ ಕಾಲಿಗೆ ಬೀಳುತ್ತಿದ್ದೆ.

"ಅರವತ್ತು ವರ್ಷದಿಂದ ಇದೇ ಹೊಲ ಉಳ್ತಾ ಇದೀನಿ, ಇಲ್ದಿದ್ದನ್ನ ಎಲ್ಲಿಂದ ತರ್ಲಿ. ನೀವು ಯಾರು, ಎಲ್ಲಾಯ್ತು ನಿಮ್ಮೂರು?"

"ಚನ್ನಗಿರಿ ಕಡೆ. ಡ್ರೈವರ್ರು. ಆ ನೀಲಿ ಬಸ್ಸು ಓಡಿಸ್ತೀನಿ."

ಮುದುಕನ ಮುಖ ಅರಳಿತು. ಕೊಡೆ ಮಡಚಿ ಎದ್ದೇ ನಿಂತ. "ನೀವೇನಾ ಆ ಡ್ರೈವರ್ರು? ಬರ್ರಿ, ಕುಂತ್ಕಳ್ರಿ. ದಿನಾ ನಿಮ್ಮನ್ನೇ ನೋಡ್ತೀನಿ, ಇಳಿಯಲ್ವಲ್ಲ ಮಾತಾಡ್ಸಾಕೆ."

"ನನ್ನನ್ನಾ?"

"ದಿನಾ ಮಧ್ಯಾಹ್ನ ನನ್ನ ನೋಡಿ ಗಾಡಿ ಈ ಕಡೆ ವಾಲಿಸ್ತೀರಲ್ಲ. ಮೊದಲ್ನೇ ದಿನ ಎದೆ ಒಡೆದು ಬೇಲಿಗೆ ಹಾರಿದ್ದೆ. ಬಸ್ಸು ಸೀದಾ ನನ್ ಮೇಲೇ ಬರಾದು, ಇನ್ನೇನು ಹತ್ತೇಬಿಡ್ತು ಅನ್ನುವಾಗ ಒಳಗೆ ಕೀಂ ಅಂತ ಹಾರನ್ ಹೊಡೀತೈತೆ, ನೀವು ಸರ್ರಂತ ಆ ಕಡೆ ತಿರುಗಿಸ್ತೀರಿ. ಎರಡು ದಿನ ಬೈದೆ. ಆಮ್ಯಾಕೆ ಗೊತ್ತಾತು, ತಮಾಷೆಗೆ ಮಾಡ್ತಾರೆ, ಸಲಾಂ ಹೊಡೆದಂಗೆ ಅಂತ. ಈಗ ನಾನೂ ಕೈ ಎತ್ತುತೀನಿ. ಕೈ ಅಂದ್ರೆ ಕೈ ನಿಮ್ದು, ಅಳತೆ ತಪ್ಪಲ್ಲ."

ಅವನು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಅಂಚಿನ ಎರಡು ಕಲ್ಲು ಪಕ್ಕಕ್ಕೆ ಉರುಳಿದ್ದವು. ಜೋಳದ ಮೇಲೆ ಅಗಲವಾದ ಚಕ್ರದ ಗುರುತು, ಕಾಳು ನುಚ್ಚಾಗಿ ಟಾರಿಗೆ ಅಂಟಿಕೊಂಡಿತ್ತು. "ನಿನ್ನೆದು," ಎಂದ. ಗುರುತಿನಿಂದ ಗೋಣಿಚೀಲಕ್ಕೆ ನಾನು ಗೇಣು ಹಾಕಿ ನೋಡಿದೆ. ಒಂದೂವರೆ ಗೇಣು.

ನಾನು ಆ ಮನುಷ್ಯನನ್ನು ಹಿಂದೆ ನೋಡಿಯೇ ಇರಲಿಲ್ಲ. ಅವನ ಕೊಡೆ ನೋಡಿರಲಿಲ್ಲ, ಅವನು ಎತ್ತಿದ ಕೈ ನೋಡಿರಲಿಲ್ಲ. ಇಷ್ಟು ದಿನವೂ ಒಬ್ಬ ಮನುಷ್ಯ ನನಗೆ ಕೈ ಎತ್ತಿದ್ದಾನೆ, ನಾನು ಅವನ ಮೇಲೆ ಬಸ್ಸು ಹತ್ತಿಸಲು ಹೋಗಿದ್ದೇನೆ. ಡಬ್ಬಿ ಬರುವ ಮುಂಚೆ, ಮಾತ್ರೆ ಬದಲಾದ ಮೇಲೆ, ಆ ಎರಡು ತಿಂಗಳು ಇಲ್ಲಿ ನನ್ನನ್ನು ಯಾವುದು ಎಬ್ಬಿಸುತ್ತಿತ್ತು? ಚಕ್ರ ಮಣ್ಣಿಗೆ ಇಳಿದಾಗಿನ ಕುಲುಕಾಟವೋ, ಯಾವುದಾದರೂ ಪ್ಯಾಸೆಂಜರ್ ಕೆಮ್ಮಿದ್ದೋ, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಲ್ಲಿಯೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಚಿಕ್ಕಹನುಮಂತಪ್ಪ ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟ. ತೆಗೆದುಕೊಂಡು ಉಂಡೆ. ಒಂದು ಐವತ್ತಕ್ಕೆ ನೀಲಿ ಬಸ್ಸು ಬಂತು. ಮುದುಕ ಗೋಣಿಚೀಲದ ಮೇಲೆ ಸರಿಯಾಗಿ ಕೂತು ಕೈ ಎತ್ತಿದ. ಪರಮೇಶ್ ಜೋಳವನ್ನು ದೂರದಿಂದಲೇ ನೋಡಿ, ವೇಗ ಇಳಿಸಿ, ಬಲಕ್ಕೆ ಸರಿದು ತಣ್ಣಗೆ ಹೋದ. ಕಿಟಕಿಯಿಂದ ಸಿದ್ದೇಶ ನನ್ನನ್ನು ನೋಡಿದ, ನಾನು ಹೋಗಿ ಎಂದು ಕೈಯಾಡಿಸಿದೆ.

"ಇವ್ನಿಗೆ ಬರಲ್ಲ ಬಿಡ್ರಿ," ಎಂದ ಚಿಕ್ಕಹನುಮಂತಪ್ಪ. "ನಿಮ್ಮ ಕೈ ಎಲ್ಲಿ, ಇವ್ನ ಕೈ ಎಲ್ಲಿ."

ಅದೇ ಹೊತ್ತಿಗೆ ಮಾಲೀಕರ ಫೋನ್ ಬಂತು. ಅವರ ದನಿ ಹಗುರಾಗಿತ್ತು. ಡಬ್ಬಿ ಕಂಪನಿಯವರು ಅವತ್ತೇ ಬಂದು ಎದುರಿಗೆ ಕೂತಿದ್ದರಂತೆ. "ಎಂಟು ಕೂಗಿನ ಜಾಗ ಬರೆಸಿದೀನಿ. ಒಂಬತ್ತನೇದಕ್ಕೆ ಯಾವ ದೇವ್ರ ಹೆಸರು ಹಾಕ್ಲಿ, ಹೇಳ್ರಿ ಬ್ಯಾಗ."

ನಾನು ಮುದುಕನನ್ನು ನೋಡಿದೆ. ಅವನು ಉರುಳಿದ ಕಲ್ಲುಗಳನ್ನು ಅದೇ ಜಾಗದಲ್ಲಿ ಮತ್ತೆ ಇಡುತ್ತಿದ್ದ, ನಾಳೆಗೆ. ಒಂದು ಹೆಸರು ಸಾಕಿತ್ತು. ಮಾರಮ್ಮ, ಕೆಂಚಮ್ಮ, ಯಾರಾದರೂ. ನಾಲಿಗೆಯ ತುದಿಗೆ ಬಂದಿತ್ತು ಎಂದು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

"ಇಲ್ಲಿ ದೇವ್ರಿಲ್ಲ ಸಾವ್ಕಾರ್ರೆ," ಎಂದೆ. "ಇಲ್ಲಿ ನಾನು ನಿದ್ದೆ ಮಾಡ್ತೀನಿ."

"ಏನಂದ್ರಿ?"

"ನಿದ್ದೆ ರೀ. ಡಬ್ಬಿ ಸರಿಯಾಗೇ ಹೇಳೈತೆ. ಇಲ್ಲಿ ಅದ್ರ ಬಾಯಿ ಮುಚ್ಚಿಸಬ್ಯಾಡ್ರಿ. ನಾಳೆಯಿಂದ ಪರಮೇಶನ್ನೇ ಕಳಿಸ್ರಿ, ನಾನು ಬರಲ್ಲ." ಅವರು ಇನ್ನೂ ಏನೋ ಕೇಳುತ್ತಿದ್ದರು. ನನಗೆ ಕೇಳಿಸಲಿಲ್ಲ, ಫೋನ್ ಜೇಬಿಗೆ ಹಾಕಿಕೊಂಡೆ.

ಚಿಕ್ಕಹನುಮಂತಪ್ಪ ಕಲ್ಲು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ನನ್ನನ್ನು ನೋಡಿದ, ಜೋಳದ ಮೇಲಿನ ಚಕ್ರದ ಗುರುತು ನೋಡಿದ, ಮತ್ತೆ ನನ್ನನ್ನು ನೋಡಿದ. ಬೈಯುತ್ತಾನೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವನು ಕಲ್ಲನ್ನು ಕೆಳಗಿಟ್ಟು, ಗೋಣಿಚೀಲವನ್ನು ಎಳೆದುಕೊಂಡು ಹೋಗಿ ಬೇಲಿಯ ಆಚೆ ಹಾಸಿಕೊಂಡು ಕೂತ.